ನಾನೂರ ಹತ್ತು ಬಡಿತ

ಬೆಟಗೇರಿಯ ನಮ್ಮ ಸ್ಟುಡಿಯೋದ ಕತ್ತಲಕೋಣಿಗೆ
ಗಡಿಯಾರ ಇದ್ದಿದ್ದಿಲ್ಲ. ಇದ್ದರೂ
ಅಲ್ಲಿ ಕಣ್ಣಿಗೆ ಏನು ಕೆಲಸ?
ಗ್ವಾಡಿ ಆಚೆ ತುಳಜಾಸಾ ಹಬೀಬರ ಮಗ್ಗ,
ಠಕ್, ಠಕ್,
ಅದನ್ನ ಎಣಿಸಿ ಫಿಲ್ಮ್ ತೊಳೀತಿದ್ವಿ.

ಮಳಿಗಾಲಕ್ಕ ನಾನೂರ ಹತ್ತು ಬಡಿತ,
ಬ್ಯಾಸಗಿಗೆ ಇನ್ನೂರ ಎಂಬತ್ತು;
ಕಾದ ನೀರಾಗ ಬಿಳುಪು ಲಗೂನ ಹಣ್ಣಾಗತೈತಿ.
ಐಸ್‌ಕ್ಯಾಂಡಿ ಅಂಗಡಿಯಿಂದ ಬರ್ಫದ ತುಂಡು ತಂದು
ತಾಟಿನ ಕೆಳಗಿಟ್ಟು
ಗೌಸುಮಾಮಾ ಮುಂಗೈ ಅದ್ದಿ ನೋಡತಿದ್ದ,
ಕೂಸಿಗೆ ಎರಿಯೂ ನೀರು ನೋಡಿದಂಗ.

“ನೆರಳಿಗೆ ಬೆಳಕು ಕೊಡು.
ಬಿಳುಪಿಗೆ ಹೊತ್ತು ಕೊಡು, ಅಳದು ಕೊಡು.
ಕ್ಯಾಮೆರಾದ ಮುಂದ ಜಿಪುಣತನ ಮಾಡಿ
ಆಮ್ಯಾಲೆ ನೀರಿಗೆ ಕೈಮುಗದರ ಬರಂಗಿಲ್ಲ.
ಬೆಳಕು ಬರೀಲಾರದ್ದನ್ನ
ಯಾವ ಔಷಧನೂ ಓದಂಗಿಲ್ಲವಾ.”

ಆವತ್ತು ಮುನ್ಸಿಪಾಲ್ಟಿ ಸಾಲಿ, ಏಳನೇ ಇಯತ್ತೆಯ ಗುಂಪು,
ಮಟಮಟ ಮಧ್ಯಾಹ್ನ ತಗದದ್ದು.
ಬೇವಿನ ಗಿಡದ ಕೆಳಗ
ಹಿಂದಿನ ಸಾಲಿನ ಹುಡುಗ್ಯಾರ ಮಾರಿ ಬರಲಿ ಅಂತ
ಮಾಮಾ ಒಂದು ಸ್ಟಾಪ್ ಹೆಚ್ಚಿಗೆ ತೆರೆದಿದ್ದ.
ಬಿಸಲಾಗ ಕುಂತ ಬಿಳಿ ಅಂಗಿಗಳ ಸಲುವಾಗಿ
“ಇನ್ನೂರ ಮೂವತ್ತಕ್ಕ ಎತ್ತಿಬಿಡು” ಅಂದು
ಚಾ ಕುಡಿಯಾಕ ಹೋದ.

ನಾನು ಎಣಿಸಾಕ ಹತ್ತಿದೆ. ಫಿಲ್ಮಿನ ಎರಡೂ ತುದಿ ಹಿಡಿದು
ಒಂದು ಕೈ ಮ್ಯಾಲೆ, ಒಂದು ಕೆಳಗ.
ನೂರ ತೊಂಬತ್ತಾರು. ನೂರ ತೊಂಬತ್ತೇಳು.

ಮಗ್ಗ ನಿಂತಿತು.

ಎಳಿ ಹರಿದಿತ್ತು, ಅಷ್ಟ.
ಕತ್ತಲಿಯಾಗ ನಿಂತಾಕಿಗೆ ಅದು ಹ್ಯಾಂಗ ಗೊತ್ತಾಗಬೇಕು?
ಹೊತ್ತ ನಿಂತದ ಅನ್ನಿಸಿ
ನೂರ ತೊಂಬತ್ತೇಳನ್ನ ಬಾಯಾಗ ಹಿಡಕೊಂಡು ಕಾದೆ,
ಮುಂದಿನ ಠಕ್ಕಿಗೆ.
ಕೈ ತೂಗತನ ಇತ್ತು.
ಔಷಧ ಯಾರನ್ನೂ ಕಾಯಲಿಲ್ಲ.

ಪ್ರಿಂಟಿನ್ಯಾಗ ಮುಂದಿನ ಸಾಲಿನ ಅಂಗಿಗಳಿಗೆ
ಗುಂಡಿ ಇಲ್ಲ, ಕಿಸೆ ಇಲ್ಲ, ಬರೇ ಸುಣ್ಣ.
ಹೆಡ್‌ಮಾಸ್ತರರ ಬೋಳುತಲಿ
ಮುಗಿಲಿನ್ಯಾಗ ಕೂಡಿ ಹೋಗಿತ್ತು.
ಅವರು ಅರ್ಧಾ ರೊಕ್ಕ ಕೊಟ್ಟರು.
ಮಾಮಾ ಬೈಲಿಲ್ಲ;
ಹಿಂದಿನ ಸಾಲಿನ ಮ್ಯಾಲೆ ಬೊಟ್ಟು ಆಡಿಸಿ
“ಇವರು ಬಂದಾರ ನೋಡು” ಅಂದ.

ಮೊನ್ನೆ ಕಸ್ತೂರಿ ಮ್ಯಾಗೇರಿ ಆ ಫೋಟೋ ತಂದಿದ್ದಳು.
ಹಿಂದಿನ ಸಾಲು, ಎಡದಿಂದ ಮೂರನೇದಾಕಿ,
ಎಣ್ಣಿ ಹಚ್ಚಿದ ಜಡಿ, ಒಂದು ರಿಬ್ಬನ್ ಸಡಲ.
“ಮ್ಯಾಲೆ ಇಷ್ಟು ಬೆಳ್ಳಗ ಯಾಕ?
ಅವತ್ತು ಮೋಡ ಇತ್ತೇನು?”

ಮೋಡ ಅಲ್ಲವಾ, ಅಂದೆ.
ತುಳಜಾಸಾ ಹರಿದ ಎಳಿ ಹುಡುಕಿ
ಬೊಟ್ಟಿಗೆ ಉಗುಳು ಹಚ್ಚಿ
ಗಂಟು ಹಾಕಿದ ಹೊತ್ತದು.