ಕೊನೆಯ ಹಾಳೆ

ಕ್ಲೀವ್‌ಲ್ಯಾಂಡಿನ ಕ್ಷೌರದಂಗಡಿ. ಮಿಲೋಶಜ್ಜನ ಬೆಂಚಿನ ಮೇಲೆ
ಅಂದಿನ ಹತ್ತು ಸೆಂಟ್ಸಿನ ಕಾಮಿಕ್ಸು,
ಎಷ್ಟೋ ಕೈಗಳ ಬೆವರಿಗೆ ಮೆತ್ತಗಾದದ್ದು.
ಕೊನೆಯ ಹಾಳೆಯಿಲ್ಲ.

ಹಾಗಾಗಿ ಕೆಂಪು ಹೊದಿಕೆಯವನು
ಅರವತ್ತು ವರ್ಷದಿಂದ ಹೊತ್ತೇ ಇದ್ದಾನೆ
ಮುರಿದ ಸೇತುವೆಯನ್ನು, ಮೇಲೊಂದು ರೈಲನ್ನು.
ಕಿಟಕಿಯಲ್ಲೊಬ್ಬಳು ತೆರೆದ ಬಾಯಿ ಮುಚ್ಚಿಲ್ಲ.

ಉಕ್ಕಿನ ಕಾರ್ಖಾನೆಗೆ ಬೀಗ ಬಿತ್ತು.
ಓದಿದ ಹುಡುಗರ ತಲೆ ಬೋಳಾಯಿತು,
ಕೆಲವರು ಯುದ್ಧದಿಂದ ಬರಲೇ ಇಲ್ಲ.
ಅವನ ಕ್ರಾಪು ಮಾತ್ರ
ಒಂದೆಳೆ ಕದಲಿಲ್ಲ.

"ಆಮೇಲೇನಾಯ್ತು?" ಎಂದರೆ
ಅಜ್ಜ ಕತ್ತಿನ ಕೂದಲು ಊದಿ
"ನೀನೇ ಹೇಳು" ಎನ್ನುತ್ತಾನೆ.
ಇದುವರೆಗೆ ಎಲ್ಲರೂ ರೈಲು ದಾಟಿಸಿದವರೇ.

ನಿನ್ನೆ ಡೆಶಾನ್, ಆರು ವರ್ಷದ ಪೋರ,
ಕೇಳಿದ್ದೇ ಬೇರೆ:
"ಇವನಿಗೆ ಕೈ ನೋಯಲ್ವಾ?"

ಕತ್ತರಿ ನಿಂತಿತು.
ಕೊರಳಿಗೆ ಕಟ್ಟಿದ್ದ ಬಿಳಿಬಟ್ಟೆಯನ್ನು ಬೆನ್ನಿಗೆ ತಿರುಗಿಸಿ
ಹುಡುಗ
ಸೇತುವೆಯ ಅಡಿಗೆ
ಹೆಬ್ಬೆರಳು ಕೊಟ್ಟ.