ಇಲ್ಲಿಯದಾ, ಮನೆಯದಾ

ಸತ್ವಾದ ಹಿಂದಿನ ಬೀದಿಯಲ್ಲಿ ಆ ಅಂಗಡಿಗೆ ಬೋರ್ಡಿಲ್ಲ.
ಕಪ್ಪು ಗಾಜಿನ ಬಾಗಿಲು, ತಳ್ಳಿದರೆ ಚಳಿ.
ಗೊತ್ತಿದ್ದವರಿಗಷ್ಟೇ ಗೊತ್ತು. ಈಗ ನನಗೂ ಗೊತ್ತು,
ಮೂರು ಸಲ ಬಂದು ಮೂರು ಸಲವೂ ಬರಿಗೈಲಿ ಹೋದವಳಿಗೆ.

ಮೊದಲ ಸಲ ಕಾರ್ಡು ಯೂನಿಫಾರ್ಮಿನ ಜೇಬಿನಲ್ಲಿ,
ಯೂನಿಫಾರ್ಮು ಒಗೆಯುವ ಮೆಷಿನ್ನಿನಲ್ಲಿ.
ಎರಡನೆಯ ಸಲ ಫೋನಿನಲ್ಲಿದ್ದ ಫೋಟೊ ತೋರಿಸಿದೆ.
ಫೋಟೊ ನಡೆಯೋದಿಲ್ಲ ಮೇಡಂ, ಎಂದಳು ಆ ಹುಡುಗಿ,
ಮೇಡಂ ಎಂಬಲ್ಲಿ ತುಸು ತಡವರಿಸಿ,
ನನ್ನ ನಾಲ್ಕೂ ಮುಕ್ಕಾಲು ಅಡಿಯನ್ನು ಮೇಲಿಂದ ಕೆಳಗೆ ಅಳೆದು.
ಮೂರನೆಯ ಸಲ ಕಾರ್ಡಿತ್ತು, ಅವಧಿ ಮುಗಿದು ಎರಡು ದಿನ.
ಎರಡು ದಿನದಲ್ಲಿ ಚಿಕ್ಕವಳಾಗಿಬಿಟ್ಟೆನೇ, ಅಂದೆ.
ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ.
ಅವಳ ತಲೆಯ ಮೇಲೆ ಕ್ಯಾಮೆರಾ ಇತ್ತು.

ನನ್ನ ಹಿಂದಿದ್ದ ಮೀಸೆಗೆ ಯಾರೂ ಏನೂ ಕೇಳಲಿಲ್ಲ.
ಆರು ಬಿಯರು ಸೀದಾ ಕರಿಚೀಲಕ್ಕೆ.

ಇಷ್ಟು ಶಿಸ್ತು ಆವತ್ತು ಎಲ್ಲಿ ಹೋಗಿತ್ತು?
ಇಪ್ಪತ್ತೊಂದು ನನಗೆ. ಹೊನ್ನಾವರದ ಬಸ್‌ಸ್ಟ್ಯಾಂಡಿನೆದುರು
ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ.
ಮನೆಗೆಲಸದ ವೀಸಾಕ್ಕೆ ಮೂವತ್ತಾಗಿರಬೇಕು ಬಾಯೀ,
ಎಂದ ಏಜೆಂಟು. ಚಹ ತರಿಸಿದ.
ಚಹ ಕೆನೆಗಟ್ಟುವುದರೊಳಗೆ
ಒಂಬತ್ತು ವರ್ಷ ಹಾಕಿಬಿಟ್ಟ.
ದಿನ ಜನವರಿ ಒಂದೇ ಇರಲಿ, ನೆನಪಿಡೋಕೆ ಸುಲಭ.
ಒಂದೊಂದೇ ಕೌಂಟರು ದಾಟಿದೆ, ಕಡಲು ದಾಟಿದೆ,
ಬೆರಳೊತ್ತಿಸಿದರು, ಕಣ್ಣೊಳಗೆ ಬೆಳಕು ಬಿಟ್ಟರು,
ಒಬ್ಬರೂ, ಒಬ್ಬರೇ ಒಬ್ಬರೂ ತಲೆಯೆತ್ತಿ
ಮಗೂ, ನಿಜಕ್ಕೂ ಎಷ್ಟು ನಿನಗೆ, ಎನ್ನಲಿಲ್ಲ.

ಆ ಒಂಬತ್ತು ವರ್ಷ ಬಂದ ನೆಂಟರ ಹಾಗೆ
ಹೊರಡುವ ಮಾತೇ ಎತ್ತುವುದಿಲ್ಲ.
ಕ್ಲಿನಿಕ್ಕಿನ ಡಾಕ್ಟರು ಪರದೆ ನೋಡುತ್ತಲೇ
ಮುಟ್ಟು ಏರುಪೇರಾಗುತ್ತಿದೆಯಾ, ಎನ್ನುತ್ತಾರೆ.
ಬೈಂದೂರಿನ ಇನಾಸ್, ಕ್ರೇನು ಓಡಿಸುವವನು,
ಎರಡು ಶುಕ್ರವಾರ ಇಗರ್ಜಿಯ ಹೊರಗೆ ಐಸ್‌ಕ್ರೀಮು ಕೊಡಿಸಿದ,
ಮೂರನೆಯ ಶುಕ್ರವಾರ ಕಾರ್ಡು ಕಣ್ಣಿಗೆ ಬಿತ್ತು.
ಅಮ್ಮನಿಗೆ ಹೇಗೆ ಹೇಳಲಿ, ಅಂದ.
ನಾನೇ ಹೇಳುತ್ತೇನೆ ಅನ್ನಬಹುದಿತ್ತು.
ಯಾವ ಕಾಗದ ಹಿಡಿದು?

ಇವತ್ತು ಸೆಪ್ಟೆಂಬರ್ ಎಂಟು, ಮೊಂತಿ ಹಬ್ಬ.
ನಾನು ಹುಟ್ಟಿದ್ದು ಇವತ್ತು.
ಊರಲ್ಲಿ ಒಂಬತ್ತು ದಿನ ಮಕ್ಕಳು
ಮಾತೆಯ ಮುಂದೆ ಹೂ ಸುರಿದಿರುತ್ತಾರೆ,
ಗೋರಟೆ, ಡೇರೆ, ಬೇಲಿಯಲ್ಲಿ ಸಿಕ್ಕಿದ್ದು ಯಾವುದಾದರೂ.
ಹಬ್ಬದ ಊಟಕ್ಕೆ ಮುಂಚೆ ಅಪ್ಪ ಗ್ಲಾಸಿನಲ್ಲಿ ಬೆರಳದ್ದಿ
ನನ್ನ ನಾಲಿಗೆಗೆ ಮುಟ್ಟಿಸಿ,
ಸಾಕು, ನೀನಿನ್ನೂ ಸಣ್ಣವಳು, ಎನ್ನುತ್ತಿದ್ದ.
ನನ್ನ ವಯಸ್ಸನ್ನು ಸರಿಯಾಗಿ ನೋಡಿದವನು ಅವನೊಬ್ಬನೇ.

ನಾಲ್ಕನೆಯ ಸಲ, ಹೊಸ ಕಾರ್ಡು.
ಅವಳು ಕಾರ್ಡು ನೋಡಿದಳು, ಮುಖ ನೋಡಿದಳು, ಮತ್ತೆ ಕಾರ್ಡು.
ಕಾರ್ಮಿನ್ ರೆಬೆಲ್ಲೊ. ನಲವತ್ತೆರಡಾ?
ಕೇಕಿಗೆ, ಅಂದೆ, ಅದನ್ನಾಕೆ ಕೇಳದಿದ್ದರೂ.
ದ್ರಾಕ್ಷಿ ನೆನೆಸಬೇಕು. ಹಸಿ ಸುಳ್ಳು.
ಮತ್ತೆ ಮುಖ ನೋಡಿದಳು.
ಸಿಟ್ಟು ನೆತ್ತಿಗೇರಿ ನನ್ನ ಹರುಕು ಹಿಂದಿಯಲ್ಲಿ ಕೇಳಿದೆ:
ನಿನಗೆಷ್ಟೇ ವಯಸ್ಸು?

ಎದೆಯ ಪಟ್ಟಿಯಲ್ಲಿ ಪಬಿತ್ರಾ ಎಂದಿತ್ತು,
ಮೂಗಿನಲ್ಲಿ ಗುಲಗಂಜಿಯಷ್ಟು ಬಂಗಾರ, ಪೋಖರಾದ್ದಿರಬೇಕು.
ಕ್ಯಾಮೆರಾಗೆ ಬೆನ್ನು ಮಾಡಿ, ಚೀಲ ಬಿಡಿಸುತ್ತ,
ಇಲ್ಲಿಯದಾ, ಮನೆಯದಾ? ಎಂದಳು.

ಮೆಷಿನ್ನು ಬೀಪ್ ಅಂದಿತು. ಹಸಿರು.
ಅರ್ಧ ಬಾಟಲಿ ರಮ್ಮಿಗೆ ಮೂವತ್ತೆಂಟು ದಿರ್ಹಮು.
ಪೇಪರನ್ನು ಎರಡು ಸುತ್ತು ಹೆಚ್ಚೇ ಸುತ್ತಿದಳು.
ನೆಕ್ಸ್ಟ್, ಕಾರ್ಡ್ ಪ್ಲೀಸ್, ಅದೇ ದನಿ.
ಈ ಸಲ ಮೀಸೆಯನ್ನೂ ಕೇಳಿದಳು.

ಹೊರಗೆ ಬಂದದ್ದೇ ಕನ್ನಡಕಕ್ಕೆ ಮಂಜು ಹಿಡಿಯಿತು,
ಬೀದಿ ಇಲ್ಲ, ಬಸ್ಸಿಲ್ಲ, ಬರೀ ಬೆಳಕಿನ ಉಂಡೆಗಳು.
ಒರೆಸಲಿಲ್ಲ. ಚೀಲ ಅವುಚಿಕೊಂಡು ನಡೆದೆ,
ಮೂವತ್ತಮೂರು ತುಂಬಿದವಳು,
ಆರು ಜನರ ರೂಮಿನ ನನ್ನ ಮೇಲಂತಸ್ತಿನ ಮಂಚಕ್ಕೆ.
ಮೊದಲು ಬೆರಳದ್ದಿ ನೋಡಬೇಕು.