ಎರಡನೇ ಪ್ರಾಶಸ್ತ್ಯ

ಕಾರು ಆರು ಬದಲಾಯಿತು, ಚಾಲಕ ನಾನೊಬ್ಬನೇ.
ಮುದುಕ ಬ್ಯಾಟ್ ಟ್ಯಾಂಗ್ನಿಯ ಕೊನೆಯ ಎರಡು ವರ್ಷ,
ಆಮೇಲೆ ಅವನ ಮಗ ಡಿನ್ನಿ,
ಈಗ ಈ ಹುಡುಗಿ ಡಿಂಪ್ನಾ. ಹುಡುಗಿ ಅನ್ನುತ್ತೇನೆ,
ಹೋದ ನವೆಂಬರಿಗೆ ಐವತ್ತೆರಡು ತುಂಬಿತು.

ಕೆರಿ ಸೀಮೆಯ ಈ ಪಡುವಣ ತುದಿಯಲ್ಲಿ
ಸಂಸತ್ತಿಗೆ ಆರಿಸಿಬರುವುದೆಂದರೆ ಸಾವಿನ ಮನೆಗೆ ಹೋಗುವುದು.
ಡಬ್ಲಿನ್ನಿನಲ್ಲಿ ಏನು ಮಾತಾಡಿದೆ, ಯಾರೂ ಕೇಳರು.
ಕಿಲ್‌ವಾರಾದ ನೋರಾಳ ಗಂಡ ಸತ್ತಾಗ ಎಲ್ಲಿದ್ದೆ,
ಅದನ್ನು ಕೇಳುತ್ತಾರೆ, ಹತ್ತು ವರ್ಷ ಬಿಟ್ಟಾದರೂ.
ಡಿನ್ನಿ ಒಂದೇ ಸಂಜೆ ನಾಲ್ಕು ಹೆಣ ನೋಡಿದ್ದುಂಟು:
ನಾಲ್ಕು ಲೋಟ ಚಹಾ, ಹಂದಿಮಾಂಸದ ಸ್ಯಾಂಡ್‌ವಿಚ್,
ಕೈ ಹಿಡಿದು ಅದೇ ಒಂದು ಮಾತು,
"ನಿಮ್ಮ ಸಂಕಟಕ್ಕೆ ನಾನೂ ನೊಂದೆ."
ಕಾರಿಗೆ ಬಂದು ಡೈರಿ ತೆಗೆಯುವನು, ನಾನು ಟಾರ್ಚು ಹಿಡಿಯಬೇಕು:
ಹಿರಿಮಗ ಬೋಸ್ಟನ್ನಿನಿಂದ ಬಂದಿದ್ದಾನೆ.
ಸೊಸೆಗೆ ಸೊಂಟದ ಆಪರೇಷನ್, ಹದಿನಾಲ್ಕು ತಿಂಗಳಿಂದ ಸರದಿ.
ನಾಯಿಯ ಹೆಸರು ಶೆಪ್.

ಗಾದಿಗೆ ಫಿಂಟನ್ ಎಂದೇ ಎಲ್ಲರ ಲೆಕ್ಕ.
ಎತ್ತರದ ಆಳು, ಅಪ್ಪನದೇ ಮೂಗು,
ಫುಟ್‌ಬಾಲಿನಲ್ಲಿ ಸೀಮೆಯ ಹಸಿರು ಹಳದಿ ಅಂಗಿ ತೊಟ್ಟವನು.
ಡಿನ್ನಿಯ ಮೇಲಿನ ಮಣ್ಣು ಆರುವ ಮೊದಲೇ
ಪಕ್ಷದ ನಾಲ್ವರು ಬಂದು ಅಡುಗೆಮನೆಯಲ್ಲಿ ಕೂತರು.
"ಹಸು ಈಯುವುದರಲ್ಲಿದೆ," ಎಂದು ಫಿಂಟನ್ ಟೋಪಿಯಿಟ್ಟು ಎದ್ದುಹೋದ.
ಒಂದು ಗಂಟೆ ಕಾದರು. ಎರಡು ಗಂಟೆ.
ಆ ತಿಂಗಳು ಯಾವ ಹಸುವೂ ಗಬ್ಬವಿರಲಿಲ್ಲ.
ಆಗ ನಾಲ್ವರೂ ತಿರುಗಿ ನೋಡಿದ್ದು
ಕಪ್ಪುಬಸಿ ತೊಳೆಯುತ್ತಿದ್ದವಳ ಬೆನ್ನನ್ನು.

ಭೂಗೋಳದ ಟೀಚರು. ಅಪ್ಪನ ಮುಖವಿದ್ದ ಕಂಬಗಳಿಗೇ
ಅವಳ ಮುಖ ಕಟ್ಟಿದೆವು; ತಂತಿ ಸಹ ಹಳೆಯದೇ.
ಗೆದ್ದಳು.
ಆ ಚಳಿಗಾಲವೆಲ್ಲ ಹಿಂದಿನ ಸೀಟಿನಲ್ಲಿ ಕೂತು
ಡಿನ್ನಿಯ ಡೈರಿಗಳನ್ನು ಪರೀಕ್ಷೆಗೆಂಬಂತೆ ಓದಿದಳು.
ಒಮ್ಮೆ ನಕ್ಕ ಸದ್ದು. ಕನ್ನಡಿಯಲ್ಲಿ ನೋಡಿದೆ, ನಗುವಲ್ಲ ಅದು.
ಎಂಬತ್ತೆರಡನೇ ಇಸವಿಯ ಪುಟ,
ಪಿಂಚಣಿಯ ಹೆಗಾರ್ಟಿ, ಚರಂಡಿಯ ಓ'ಶೇ, ನಡುವೆ ಒಂದು ಸಾಲು:
"ಡಿಂಪ್ನಾ. ನವೆಂಬರ್ ನಾಲ್ಕು, ಒಂಬತ್ತು ತುಂಬುತ್ತದೆ.
ಕುದುರೆ ಎಂದರೆ ಇಷ್ಟ."
"ಮಾಸಿ, ಆ ಮರದ ಕುದುರೆ ಕೊಂಡವರು ಯಾರು?"
"ನಿಮ್ಮಪ್ಪ," ಎಂದೆ.
ದುಡ್ಡು ಅವನದೇ.
ಟ್ರಲೀಯ ಅಂಗಡಿಯಲ್ಲಿ ಬಣ್ಣ ಆರಿಸಿದವನು ನಾನು.

ಈ ಸಲ ಎಣಿಕೆ ನಡೆದದ್ದು ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲಿ.
ಐವತ್ತೈವತ್ತರ ಕಟ್ಟು, ರಬ್ಬರ್ ಬ್ಯಾಂಡು.
ನಮ್ಮಲ್ಲಿ ಹೆಸರುಗಳ ಮುಂದೆ ಒಂದು, ಎರಡು, ಮೂರು ಬರೆಯಬೇಕು;
ಬಿದ್ದವನ ಓಟು ಎದ್ದು
ಇನ್ನೊಬ್ಬರ ಮನೆ ಹುಡುಕಿಕೊಂಡು ಹೋಗುತ್ತದೆ.
ಒಂಬತ್ತನೇ ಸುತ್ತಿಗೆ ಬೆಳಗಿನ ಜಾವ ನಾಲ್ಕು.
ಗಾಳಿಯಂತ್ರ ಬೇಡವೆಂದು ಕೂಗಿದ ಹುಡುಗನಿಗೆ
ಅರವತ್ತೊಂದು ಹೆಚ್ಚು.
ಅವಳು ಕಟ್ಟುಗಳನ್ನೇ ನೋಡುತ್ತಿದ್ದಳು.
"ಎಷ್ಟೊಂದು ಜನ ನನಗೆ ಎರಡು ಬರೆದಿದ್ದಾರೆ ನೋಡು, ಮಾಸಿ."

ಸಂಜೆ ಗ್ಲೆನ್‌ಡಾರಾದಲ್ಲೊಂದು ಸಾವು. ಕಾರು ತೆಗೆ ಎಂದಳು.
ಇನ್ನು ಯಾಕೆ ಎಂದು ನಾನು ಕೇಳಲಿಲ್ಲ.
ಮಳೆಯಲ್ಲಿ ಸಾಲಿನ ಕೊನೆಗೆ ನಿಂತಳು.
ಯಾರೂ ದಾರಿ ಬಿಡಲಿಲ್ಲ, ಯಾರೂ ಗುಂಡಿಬಿದ್ದ ರಸ್ತೆಯ ಮಾತೆತ್ತಲಿಲ್ಲ.
ಗಂಡನನ್ನು ಕಳಕೊಂಡ ಮುದುಕಿ
ಇವಳು ಬಾಯಿ ತೆರೆಯುವ ಮೊದಲೇ ಕೈ ಹಿಡಿದು ಅಂದಳು:
"ನಿನ್ನ ಸಂಕಟಕ್ಕೆ ನಾನೂ ನೊಂದೆ, ಮಗಳೇ."

ಕಾರಿಗೆ ಬಂದು ಕೂತಳು.
ಕೈ ತಾನಾಗಿ ಟಾರ್ಚು ಹಚ್ಚಿತ್ತು.
ಡೈರಿ ತೆಗೆಯಲಿಲ್ಲ ಅವಳು. ವೈಪರು ಆಡುತ್ತಿತ್ತು.
ಎಷ್ಟೋ ಹೊತ್ತಿನ ಮೇಲೆ,
"ಬಾಗಿಲಲ್ಲೊಂದು ನಾಯಿಯಿತ್ತು," ಎಂದಳು,
"ಹೆಸರು ಕೇಳಲಿಲ್ಲ."